ಮರು: ಪದಕದ ಜೊತೆ ಓದುವ ‘ಸೈಟೇಶನ್’ಗೆ ಕನ್ನಡದಲ್ಲಿ ಏನು? (ಸೋಮವಾರದೊಳಗೆ ಬೇಕು)

> ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಫೋಟೊ ಕೆಳಗೆ ಅವರ ಸೈಟೇಶನ್ ಹಾಕುತ್ತಿದ್ದೇವೆ. ತಲೆಬರಹಕ್ಕೆ ಒಂದು ಪದ ಹೇಳಿ. ಸೋಮವಾರ ಬೋರ್ಡು ಪ್ರಿಂಟಿಗೆ ಹೋಗುತ್ತೆ.

ಮೊದಲು ಉತ್ತರ: ‘ಒಕ್ಕಣೆ’. ಪತ್ರದ ಒಕ್ಕಣೆ, ಕರಾರಿನ ಒಕ್ಕಣೆ ಅನ್ನುತ್ತೇವಲ್ಲ, ಅದೇ. ‘ಮಹಾವೀರ ಚಕ್ರದ ಒಕ್ಕಣೆ’ ಅಂತ ಬರೆಸಿ. ನಿಂತು ಓದುವವರಿಗೆ ಅರ್ಥವಾಗುತ್ತೆ.

> ‘ಬಿನ್ನವತ್ತಳೆ’ ಇದೆಯಲ್ಲ, ಹೊಸದು ಯಾಕೆ?

ಬೇಡ. ಬಿನ್ನವತ್ತಳೆ ಸನ್ಮಾನದ ಮಾತು. ಎದುರಿಗೆ ಕೂತವರಿಗೆ ಹಾರ ಹಾಕಿ, ಅವರನ್ನೇ ಕುರಿತು ಓದಿ, ಕೈಗೆ ಕೊಡುವುದು. ಅದರಲ್ಲಿ ಬಿನ್ನಹದ ದನಿ ಇದೆ. ಸೇನೆಯ ಸೈಟೇಶನ್‌ನಲ್ಲಿ ಬಿನ್ನಹ ಇಲ್ಲ. ಇಂಥ ದಿನ, ಇಂಥ ಕಡೆ, ಈತ ಹೀಗೆ ಮಾಡಿದ ಅಂತ ಹೇಳುವ ವರದಿ ಅದು.

> ‘ಪ್ರಶಸ್ತಿ’ ಅಂದ್ರೇನೇ ಬರಹ. ಐಹೊಳೆ ಪ್ರಶಸ್ತಿ ನೋಡಿ.

ಇದು ನನಗೂ ತುಂಬಾ ಇಷ್ಟದ ವಿಷಯ. 634ರಲ್ಲಿ ಕವಿ ರವಿಕೀರ್ತಿ ಐಹೊಳೆಯ ಮೇಗುತಿ ಬಸದಿಯ ಗೋಡೆಗೆ ಬರೆಸಿದ್ದು ಇಮ್ಮಡಿ ಪುಲಿಕೇಶಿಯನ್ನು ಹೊಗಳುವ ಬರಹ. ಆ ಬರಹವೇ ಪ್ರಶಸ್ತಿ. ಹಳೆಯ ಅರ್ಥದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಆದರೆ ಇವತ್ತು ಪ್ರಶಸ್ತಿ ಅಂದರೆ ಕೊಡುವ ಗೌರವ. ಬೋರ್ಡಿನ ಮೇಲೆ ಸುಮ್ನೆ ‘ಪ್ರಶಸ್ತಿ’ ಅಂತ ಇದ್ದರೆ ಓದುವವರು ಕೆಳಗೆ ಪದಕದ ಹೆಸರು ಹುಡುಕುತ್ತಾರೆ. ಹೋದ ಅರ್ಥವನ್ನು ಒಂದು ಬೋರ್ಡಿನಿಂದ ವಾಪಸ್ ತರೋಕೆ ಆಗಲ್ಲ.

> ‘ಶೌರ್ಯದ ವಿವರ’ ಸಾಕು.

ಸಾಲದು, ಗೊಂದಲ ಬೇರೆ. ಶೌರ್ಯ ಚಕ್ರ ಅಂತ ಬೇರೆಯೇ ಪದಕ ಇದೆ. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಒಂದು ಸಾಲು. ಶತ್ರುವಿನ ಎದುರು ಹೋರಾಡಿದವರಿಗೆ ಕೊಡುವ ಪರಮವೀರ, ಮಹಾವೀರ, ವೀರ ಚಕ್ರಗಳದ್ದು ಇನ್ನೊಂದು ಸಾಲು. ಮಹಾವೀರ ಚಕ್ರದವರ ಫೋಟೊ ಕೆಳಗೆ ದಪ್ಪಕ್ಷರದಲ್ಲಿ ‘ಶೌರ್ಯ’ ಅಂತ ಕಂಡರೆ ಓದುವ ಮಕ್ಕಳು ಏನಂದುಕೊಳ್ಳಬೇಕು?

> ಸಂಸ್ಕೃತ ಬಿಡಿ. ‘ಮರಣೋತ್ತರ’ಕ್ಕೂ ‘ನೆತ್ತರುಗೊಡಗೆ’ ಅನ್ನಿ. ಅಚ್ಚಗನ್ನಡ.

ನೆತ್ತರುಗೊಡಗೆ ಒಳ್ಳೆಯ ಪದ, ನೆನಪಿಸಿದ್ದಕ್ಕೆ ಸಂತೋಷ. ಆದರೆ ಅದು ಸತ್ತ ವೀರನ ಮನೆಯವರಿಗೆ ಕೊಟ್ಟ ಭೂಮಿ, ಪದಕವಲ್ಲ. ಹಲ್ಮಿಡಿ ಶಾಸನದ ‘ಬಾಳ್ಗೞ್ಚು’ ಕೂಡ ಅಂಥದ್ದೇ, ಕತ್ತಿ ತೊಳೆದು ಕೊಟ್ಟ ಕೊಡುಗೆ. ಕಾದಿ ಗೆದ್ದ ವಿಜಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಊರುಗಳು ಸಿಕ್ಕಿದ್ದು ಹಾಗೆ. ನಮ್ಮ ಹಳೆಯ ಕಲ್ಲುಗಳ ತುಂಬ ಇಂಥ ಒಕ್ಕಣೆಗಳೇ ಇವೆ, ವೀರಗಲ್ಲು ಅಂದರೆ ಅದೇ ಅಲ್ವಾ? ಇವನ್ನು ಓದೋಣ, ಮಕ್ಕಳಿಗೆ ಹೇಳೋಣ. ಆದರೆ ಭೂಮಿಯ ಪದವನ್ನು ಪದಕಕ್ಕೆ ಅಂಟಿಸುವುದು ತಪ್ಪು. ‘ಮರಣೋತ್ತರ’ ಎಲ್ಲರಿಗೂ ಗೊತ್ತಿರುವ ಪದ, ಇರಲಿ.

ಎರವಲು ಪದ ಬೇಡವೇ ಬೇಡ ಅನ್ನುವವರಿಗೆ ಒಂದೇ ಪ್ರಶ್ನೆ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಜೀಪಿನ ಮೇಲೆ ಕಟ್ಟಿದ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಡೆದು ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅವರನ್ನು ‘ಹವಾಲ್ದಾರ್’ ಅನ್ನದೆ ಏನನ್ನುತ್ತೀರಿ? ಸಿಪಾಯಿ, ಸುಬೇದಾರ್, ಹವಾಲ್ದಾರ್ ಎಲ್ಲ ಹೊರಗಿಂದ ಬಂದವೇ. ಅವು ಆ ಜನ ತೋಳಿನ ಮೇಲೆ ಹೊತ್ತ ಹೆಸರುಗಳು. ಅವನ್ನು ಕಿತ್ತು ಹಾಕುವ ಹಕ್ಕು ನಮಗಿಲ್ಲ.

ನಿಜವಾಗಿ ತಿದ್ದಬೇಕಾದ ಪದ ಇನ್ನೊಂದಿದೆ, ಅದನ್ನು ಯಾರೂ ಎತ್ತಲಿಲ್ಲ. ‘ಪರಮವೀರ ಚಕ್ರ ವಿಜೇತ’. ಪೇಪರಿನಲ್ಲಿ ದಿನಾ ಇದೇ. ಯಾರೂ ಪದಕ ಗೆಲ್ಲೋಕೆ ಅಂತ ಯುದ್ಧಕ್ಕೆ ಹೋಗಲ್ಲ. ‘ಪಡೆದ’ ಅನ್ನಿ, ‘ಪುರಸ್ಕೃತ’ ಅನ್ನಿ. ‘ವಿಜೇತ’ ಓಟದ ಪಂದ್ಯಕ್ಕೆ ಇರಲಿ. ಇದರಲ್ಲಿ ನಾನು ರಾಜಿ ಆಗಲ್ಲ.

ಕೇಳಿದವರಿಗೆ ಕೊನೆಯದಾಗಿ ಒಂದು ಮಾತು. ದೇವಯ್ಯನವರ ವಿಷಯದಲ್ಲಿ ಒಕ್ಕಣೆಯೇ ಮುಖ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಹೋಗಿದ್ದು ಬದಲಿ (ಸ್ಟ್ಯಾಂಡ್‌ಬೈ) ಪೈಲಟ್ ಆಗಿ. ಅವರ ಮಿಸ್ಟೇರ್ ವಿಮಾನಕ್ಕೆ ಪಾಕಿಸ್ತಾನದ ಸ್ಟಾರ್‌ಫೈಟರ್ ಗುಂಡು ಹೊಡೆಯಿತು. ಏಟು ತಿಂದ ತಮ್ಮ ವಿಮಾನವನ್ನೇ ತಿರುಗಿಸಿ ಅವರು ಆ ಪಾಕಿಸ್ತಾನಿ ವಿಮಾನವನ್ನು ಉರುಳಿಸಿದರು. ಅದರ ಪೈಲಟ್ ಹಾರಿ ಉಳಿದ. ಇವರು ಉಳಿಯಲಿಲ್ಲ. ನಮ್ಮ ಕಡೆಯವರು ಯಾರೂ ಅದನ್ನು ನೋಡಿರಲಿಲ್ಲ. ಪಾಕಿಸ್ತಾನದ ಕಡೆಯ ಕಥೆ ಪುಸ್ತಕದಲ್ಲಿ ಬಂದ ಮೇಲೆ ವಿಷಯ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಅಷ್ಟು ವರ್ಷ ಬರೆಯುವವರೇ ಇರಲಿಲ್ಲ. ಹಾಗಾಗಿ ಆ ಬರಹವನ್ನು ಸಣ್ಣ ಅಕ್ಷರದಲ್ಲಿ ಮೂಲೆಗೆ ತಳ್ಳಬೇಡಿ. ಫೋಟೊದಷ್ಟೇ ಜಾಗ ಕೊಡಿ.

ಬೋರ್ಡಿಗೆ ಹೀಗೆ ಹಾಕಿ:

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ
ಮಹಾವೀರ ಚಕ್ರ (ಮರಣೋತ್ತರ), 1988
ಮಹಾವೀರ ಚಕ್ರದ ಒಕ್ಕಣೆ

ಸೈಟೇಶನ್ನಿನ ಅನುವಾದ ಮುಗಿದಿದ್ದರೆ ಇಲ್ಲಿಗೇ ಕಳಿಸಿ. ಭಾನುವಾರ ರಾತ್ರಿಯೊಳಗೆ ಓದಿ ತಿದ್ದಿ ಕೊಡುತ್ತೇನೆ.