ಹೋಂವರ್ಕ್ ಮಾಡದವರನ್ನು ಲಾಂಗ್ ಬೆಲ್ ಆದ ಮೇಲೆ ಕೂರಿಸಬಹುದೇ?

ಗಣಿತ_ಮೇಷ್ಟ್ರು:
7 ಮತ್ತು 8ನೇ ತರಗತಿಯಲ್ಲಿ ಪದೇ ಪದೇ ಹೋಂವರ್ಕ್ ತರದವರನ್ನು ಶಾಲೆ ಬಿಟ್ಟ ಮೇಲೆ 40 ನಿಮಿಷ ಕೂರಿಸಿ ಬರೆಸಬೇಕೆಂದು (ಡಿಟೆನ್ಷನ್) ಆಡಳಿತ ಮಂಡಳಿಯವರು ಹೇಳಿದ್ದಾರೆ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಆದರೂ ಇದು ಕಾನೂನಿಗೆ ವಿರುದ್ಧವೇ? ತಿಳಿದವರು ಹೇಳಿ.

ಕಲಂ17:
ಮೇಷ್ಟ್ರೇ, ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 16ನೇ ಕಲಂನಲ್ಲಿ ಬರುವ ಡಿಟೆನ್ಷನ್ ಎಂದರೆ ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಉಳಿಸುವುದು. 2019ರ ತಿದ್ದುಪಡಿ ಆದದ್ದು ಅದಕ್ಕೆ. ನಿಮ್ಮ ಪ್ರಶ್ನೆಗೆ ಬೇಕಾದದ್ದು 17ನೇ ಕಲಂ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಅದು ನಿಷೇಧಿಸುತ್ತದೆ. ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮವಿದೆ.

ಹೊಡೆಯದಿದ್ದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಮಾರ್ಗಸೂಚಿಯು ಮಗುವನ್ನು ತರಗತಿ, ಗ್ರಂಥಾಲಯ, ಶೌಚಾಲಯ ಅಥವಾ ಮುಚ್ಚಿದ ಯಾವುದೇ ಜಾಗದಲ್ಲಿ ಕೂಡಿಡುವುದನ್ನೂ ದೈಹಿಕ ಶಿಕ್ಷೆಯ ಪಟ್ಟಿಯಲ್ಲೇ ಸೇರಿಸಿದೆ. ಹೆಸರು ಬದಲಿಸಿ ‘ವಿಶೇಷ ತರಗತಿ’ ಎಂದು ಬರೆದರೆ ತಪ್ಪಿಸಿಕೊಂಡಂತಲ್ಲ. ಮಗು ಎದ್ದು ಹೋಗಲು ಕೇಳಿದಾಗ ಬಿಡುತ್ತೀರಾ ಇಲ್ಲವಾ, ನನ್ನ ಪ್ರಕಾರ ಅದೇ ಪರೀಕ್ಷೆ.

ಲಂಡನ್_ಅಪ್ಪ:
ಇಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳನ್ನು ಓದಿಸುವ ನಮ್ಮವರಿಗೆ ಒಂದು ಮಾತು: ಇಲ್ಲಿನ ನಿಯಮವೇ ಬೇರೆ. 2006ರ ಶಿಕ್ಷಣ ಮತ್ತು ತಪಾಸಣೆ ಕಾಯ್ದೆಯ 92ನೇ ಕಲಂ ಪ್ರಕಾರ ಶಾಲೆ ಬಿಟ್ಟ ಮೇಲೂ ಡಿಟೆನ್ಷನ್ ಕೊಡಬಹುದು, ಪೋಷಕರ ಒಪ್ಪಿಗೆ ಬೇಕಿಲ್ಲ. 24 ಗಂಟೆ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕೆಂಬ ನಿಯಮವಿತ್ತು, 2011ರ ಶಿಕ್ಷಣ ಕಾಯ್ದೆಯ ಮೂಲಕ ಅದನ್ನು ತೆಗೆದರು. ಆದರೂ ಮಗು ಸುರಕ್ಷಿತವಾಗಿ ಮನೆ ತಲುಪುತ್ತದೆಯೇ ಎಂದು ಶಾಲೆ ನೋಡಲೇಬೇಕು. ಊಟದ ಬಿಡುವಿನಲ್ಲಿ ಕೂರಿಸಿದರೆ ತಿನ್ನಲು, ಕುಡಿಯಲು, ಶೌಚಕ್ಕೆ ಸಮಯ ಬಿಡಬೇಕು. ಇಲ್ಲಿನ ಪದ್ಧತಿಯನ್ನು ನೋಡಿ ನಮ್ಮೂರ ಶಾಲೆಯವರು ನಕಲು ಮಾಡಬೇಡಿ.

ಹಳ್ಳಿಶಾಲೆ:
ಕಾನೂನು ಒಂದು ಕಡೆ ಇರಲಿ, 40 ನಿಮಿಷದಲ್ಲಿ ಮಗುವಿನ ಬಸ್ಸು ಹೋಗಿಬಿಡುತ್ತದೆ. ಪಾಸ್ ಇದ್ದರೂ ಮುಂದಿನ ಬಸ್ಸು ಬರುವಷ್ಟರಲ್ಲಿ ಕತ್ತಲೆ, ಹೆಣ್ಣುಮಕ್ಕಳಿದ್ದರೆ ಇನ್ನೂ ಕಷ್ಟ. ಇದರ ಜೊತೆಗೆ, ಪ್ರತಿದಿನ ಸಿಕ್ಕಿಬೀಳುವವರು ಅವೇ ಐದಾರು ಮಕ್ಕಳು. ಶಿಕ್ಷೆ ಕೆಲಸ ಮಾಡಿದ್ದರೆ ಪಟ್ಟಿ ಬದಲಾಗಬೇಕಿತ್ತಲ್ಲ?

ಹೀಗೆ ಮಾಡಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ವಿಷಯ, ಕಾರಣ ಎಂದು ಮೂರು ಕಾಲಂ ಹಾಕಿ. ಕಾರಣಕ್ಕೆ ನಾಲ್ಕೇ ಗುರುತು: ಅರ್ಥವಾಗಲಿಲ್ಲ, ಪುಸ್ತಕವಿಲ್ಲ, ಮನೆಯಲ್ಲಿ ಕೆಲಸವಿತ್ತು, ಬರೆಯಲಿಲ್ಲ. ಎರಡು ವಾರ ತುಂಬಿಸಿ ನೋಡಿ. ಗಣಿತದಲ್ಲಿ ‘ಅರ್ಥವಾಗಲಿಲ್ಲ’ ಹೆಚ್ಚಿದ್ದರೆ, 5 ಲೆಕ್ಕ ಕೊಡುವಾಗ ಮೊದಲ 2 ಅನ್ನು ತರಗತಿಯಲ್ಲೇ ಮಾಡಿಸಿ ಕಳಿಸಿ. ಶುರುವಾದ ಲೆಕ್ಕ ಮನೆಯಲ್ಲಿ ಮುಂದುವರಿಯುತ್ತದೆ. ‘ಮನೆಯಲ್ಲಿ ಕೆಲಸ’ ಎಂದಿದ್ದರೆ ವಾರದಲ್ಲಿ ಎರಡು ದಿನ ಕೊನೆಯ ಪೀರಿಯಡನ್ನು ಇಡೀ ತರಗತಿಗೆ ಬರೆಯಲು ಬಿಡಿ. ಶಾಲಾ ಸಮಯದೊಳಗೆ, ಎಲ್ಲರಿಗೂ. ಅಲ್ಲಿ ಯಾರೂ ಶಿಕ್ಷೆಗೆ ಕೂತಂತೆ ಕಾಣುವುದಿಲ್ಲ. ಬರೀ ‘ಬರೆಯಲಿಲ್ಲ’ ಎನ್ನುವವರಿಗೆ ಮಾತ್ರ ಪೋಷಕರನ್ನು ಕರೆಸಿ.

ಗಣಿತ_ಮೇಷ್ಟ್ರು:
ಧನ್ಯವಾದ. ಕೂರಿಸುವ ಬದಲು 50 ಸಲ ಇಂಪೊಸಿಷನ್ ಕೊಟ್ಟರೆ?

ಹಳ್ಳಿಶಾಲೆ:
ಬೇಡ. ಒಂದೇ ವಾಕ್ಯ 50 ಸಲ ಬರೆಯುವಾಗ ಮಗು ಮೊದಲು ‘ನಾನು’ ಮಾತ್ರ ಸಾಲಾಗಿ ಇಳಿಸುತ್ತದೆ, ಆಮೇಲೆ ಎರಡನೇ ಪದ. ತಲೆಗೆ ಏನೂ ಹೋಗುವುದಿಲ್ಲ, ಬರಹ ಕೆಡುತ್ತದೆ. ಬಿಟ್ಟುಹೋದ ಅದೇ ಲೆಕ್ಕ ಒಂದನ್ನು ನಿಮ್ಮೆದುರು ಬೋರ್ಡಿನ ಮೇಲೆ ಮಾಡಿಸಿ, ತಡೆದಲ್ಲಿ ಒಂದು ಹೆಜ್ಜೆ ಹೇಳಿಕೊಡಿ. ಉಳಿದ ಮಕ್ಕಳ ಮುಂದೆ ನಾಚಿಕೆಯಾಗುವುದಾದರೆ ನಿಮ್ಮ ಮೇಜಿನ ಹತ್ತಿರ ಕರೆದು ನೋಟ್‌ಬುಕ್‌ನಲ್ಲೇ ಮಾಡಿಸಿ.