ಸಹಾಯ ಬೇಕು: ಎಲೆಕ್ಟ್ರಿಕ್ ಏರ್ ಟ್ಯಾಕ್ಸಿಗಳ ವರ್ಗೀಕರಣ

ನೇರವಾಗಿ ಮೇಲೇರುವ ಎಲೆಕ್ಟ್ರಿಕ್ ವಿಮಾನಗಳ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ರೆಕ್ಕೆ ಇದೆಯೇ, ಮೇಲೆತ್ತುವ ಪ್ರೊಪೆಲ್ಲರೇ ಮುಂದಕ್ಕೂ ತಳ್ಳುತ್ತದೆಯೇ ಎಂದು ಕೇಳಿದರೆ ಹೆಚ್ಚಿನವು ಬೇರ್ಪಡುತ್ತವೆ. ಇಹ್ಯಾಂಗ್ ಕಂಪನಿಯ ಇಎಚ್216-ಎಸ್‌ಗೆ ರೆಕ್ಕೆಯಿಲ್ಲ, 16 ಪ್ರೊಪೆಲ್ಲರ್, ಅದು ಮಲ್ಟಿಕಾಪ್ಟರ್. ಜೋಬಿ ಕಂಪನಿಯ ವಿಮಾನದ ಆರೂ ಪ್ರೊಪೆಲ್ಲರ್‌ಗಳು ಮೇಲೆತ್ತಿದ ಬಳಿಕ ಮುಂದಕ್ಕೆ ತಳ್ಳಲು ವಾಲುತ್ತವೆ, ಅದು ಟಿಲ್ಟ್ (ವಾಲುವ) ವರ್ಗ.

ತೊಡಕಿರುವುದು ಆರ್ಚರ್ ಕಂಪನಿಯ ಮಿಡ್‌ನೈಟ್‌ನಲ್ಲಿ. ಅದರ 12 ಪ್ರೊಪೆಲ್ಲರ್‌ಗಳಲ್ಲಿ ಮುಂದಿನ 6 ವಾಲುತ್ತವೆ. ಹಿಂದಿನ 6 ಮೇಲೆತ್ತಲು ಮಾತ್ರ, ರೆಕ್ಕೆಯ ಬಲದಲ್ಲಿ ಹಾರುವಾಗ ನಿಲ್ಲುತ್ತವೆ. ಇದನ್ನು ಟಿಲ್ಟ್ ಎಂದು ಕರೆದರೆ ಆ ನಿಂತ ಪ್ರೊಪೆಲ್ಲರ್‌ಗಳ ಭಾರ, ಗಾಳಿಯ ತಡೆ ಮರೆಯಾಗುತ್ತದೆ. ‘ಲಿಫ್ಟ್ ಪ್ಲಸ್ ಕ್ರೂಸ್’ (ಮೇಲೆತ್ತಲು, ಮುಂದಕ್ಕೆ ತಳ್ಳಲು ಬೇರೆ ಬೇರೆ ಪ್ರೊಪೆಲ್ಲರ್) ಎಂದು ಕರೆದರೆ ವಾಲುವ ಯಂತ್ರಾಂಗವೇ ಮರೆಯಾಗುತ್ತದೆ.

ಪೈಲಟ್ ಇಲ್ಲದಿರುವುದಕ್ಕೆ ಬೇರೆ ಕಾಲಂ ಇಟ್ಟಿದ್ದೇವೆ, ಅದು ಸರಿಯೆಂದೇ ನಮ್ಮ ನಂಬಿಕೆ. ಮಿಶ್ರ ವಿನ್ಯಾಸಕ್ಕೆ ಪ್ರತ್ಯೇಕ ವರ್ಗ ಬೇಕೇ, ಉಪವರ್ಗ ಸಾಕೇ? ಏರೋನಾಟಿಕ್ಸ್ ಬಲ್ಲವರು ದಯವಿಟ್ಟು ಕಾರಣಸಹಿತ ತಿಳಿಸಿ.