ಕಾಡಿಗೆ ಹೋದರೂ ತಲೆಯೊಳಗಿನ ಸದ್ದು ನಿಲ್ಲುತ್ತಿಲ್ಲ, ಏನು ಮಾಡಲಿ?

ಲೆಕ್ಕದ ಪುಸ್ತಕ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಬನಶಂಕರಿಯಲ್ಲಿ ಮನೆ, ಲೆಕ್ಕಪತ್ರ ನೋಡುವ ಕೆಲಸ. ಈ ವರ್ಷದ ಮಾರ್ಚ್ ಕೊನೆಯಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ವೈದ್ಯರು ರಕ್ತದೊತ್ತಡ ನೋಡಿ ಮಾತ್ರೆ ಬರೆದುಕೊಟ್ಟರು, ಜೊತೆಗೆ ಮರಗಿಡ ಇರುವ ಕಡೆ ನಡೆಯಿರಿ ಎಂದರು.

ಆರು ವಾರಗಳಿಂದ ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡಿಗೆ ಹೋಗುತ್ತಿದ್ದೇನೆ. ಎಂಟು ಸಾವಿರ ಹೆಜ್ಜೆ ತಪ್ಪದೆ ಆಗುತ್ತದೆ, ಬೆವರು ಬರುತ್ತದೆ. ಆದರೆ ಮನೆಗೆ ಬಂದು 'ಏನು ನೋಡಿದೆ' ಎಂದು ಅಮ್ಮ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಬಂಡೆ, ನೀಲಗಿರಿ ಮರ, ಎದುರು ಬಂದ ಸೈಕಲ್ಲುಗಳು, ಅಷ್ಟೇ. ಮೊಬೈಲ್ ಹೆಜ್ಜೆ ಎಣಿಸುತ್ತಿರುತ್ತದೆ, ನಾನು ಮನಸ್ಸಿನಲ್ಲಿ ಬಾಕಿ ಕೆಲಸ ಎಣಿಸುತ್ತಿರುತ್ತೇನೆ.

ಇತ್ತೀಚೆಗೆ 'ಅರಣ್ಯ ಸ್ನಾನ' ಎಂಬ ಮಾತು ಕೇಳಿದೆ. ನೀರಿನ ಸ್ನಾನವಲ್ಲ, ಕಾಡಿನಲ್ಲಿ ನೋಡುತ್ತಾ ಕೇಳುತ್ತಾ ನಿಧಾನವಾಗಿ ಹೊತ್ತು ಕಳೆಯುವುದಂತೆ. ದುಡ್ಡು ತೆಗೆದುಕೊಂಡು ಗುಂಪಿನಲ್ಲಿ ಮಾಡಿಸುವವರೂ ಇದ್ದಾರಂತೆ. ಅದನ್ನು ಕಲಿಯಬೇಕೇ, ತಾನಾಗಿ ಬರುತ್ತದೆಯೇ? ಅಮ್ಮನಿಗೆ 71 ವರ್ಷ, ಕುಣಿಗಲ್ ಕಡೆಯ ಹಳ್ಳಿಯಲ್ಲಿ ಬೆಳೆದವರು. 'ನನ್ನನ್ನೂ ಕರೆದುಕೊಂಡು ಹೋಗು' ಎನ್ನುತ್ತಾರೆ. ಮಂಡಿನೋವು ಇರುವುದರಿಂದ ಧೈರ್ಯ ಸಾಲುತ್ತಿಲ್ಲ. ತಿಳಿದವರು ಹೇಳಿ.

ಕಾನಂಚಿನ ಮನೆ (ಶಿರಸಿ)

ನೀವು ಬರೆದದ್ದನ್ನು ಎರಡು ಸಲ ಓದಿದೆ. ನಡೆಯುವುದನ್ನು ಕಡಿಮೆ ಮಾಡಿ, ಕೂತುಕೊಳ್ಳಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತಳಾದವಳು. ಶಾಲೆಯ ಹಿಂದೆಯೇ ಕಾನು ಇತ್ತು. ನಮ್ಮ ಶಿರಸಿ, ಸಿದ್ದಾಪುರ, ಸೊರಬದ ಕಡೆ ಊರವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ನಿತ್ಯಹಸಿರಿನ ಕಾಡಿಗೆ ಕಾನು ಎನ್ನುತ್ತೇವೆ. ಒಳಗೆ ಎಲ್ಲೋ ಒಂದು ಕಡೆ ಚೌಡಿ ದೇವತೆಯ ಕಲ್ಲು ಇರುತ್ತದೆ, ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಚೌಡಿಯ ಹತ್ತಿರ ಬಂದಾಗ ದೊಡ್ಡಮ್ಮ ಚಪ್ಪಲಿ ಬಿಡಿಸುತ್ತಿದ್ದಳು, ಗಟ್ಟಿಯಾಗಿ ಮಾತನಾಡಿದರೆ ತೊಡೆಗೆ ಮೆಲ್ಲಗೆ ಚಿವುಟುತ್ತಿದ್ದಳು. ಅರಣ್ಯ ಸ್ನಾನ ಎಂಬ ಹೆಸರು ಅವಳಿಗೆ ಗೊತ್ತಿರಲಿಲ್ಲ. ಕಾಡಿಗೆ ಹೋದಾಗ ಹೇಗೆ ಇರಬೇಕು ಎಂಬುದು ಗೊತ್ತಿತ್ತು.

ಶನಿವಾರ ಬೆಳಗಿನ ಶಾಲೆ. ಕೊನೆಯ ಪೀರಿಯಡ್ಡಿಗೆ ಏಳನೇ ತರಗತಿಯ ಮಕ್ಕಳನ್ನು ಕಾನಿನ ಅಂಚಿಗೆ ಕರೆದುಕೊಂಡು ಹೋಗುತ್ತಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಮರ, ವರ್ಷವಿಡೀ ಅದೇ ಮರ. ಕೆಳಗೆ ಅಡಿಕೆ ಹಾಳೆ ಹಾಸಿಕೊಂಡು ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕು. ಮೊದಲ ಹತ್ತು ನಿಮಿಷ ಏನೂ ಆಗುತ್ತಿರಲಿಲ್ಲ. ಯಾಕೆಂದು ಅರ್ಥವಾಗಲು ನನಗೇ ಎರಡು ವರ್ಷ ಹಿಡಿಯಿತು. ಮನುಷ್ಯರು ಕಾಡಿಗೆ ಕಾಲಿಟ್ಟ ಕೂಡಲೇ ಕಾಜಾಣವೋ ಮಂಗವೋ ಕೂಗಿ ಸುದ್ದಿ ಮುಟ್ಟಿಸುತ್ತದೆ. ಉಳಿದವೆಲ್ಲ ಬಾಯಿ ಮುಚ್ಚಿ ಅಡಗುತ್ತವೆ. ನಾವು ನಡೆಯುತ್ತಲೇ ಇದ್ದರೆ ಆ ಸುದ್ದಿ ನಮಗಿಂತ ಮುಂದೆ ಓಡುತ್ತಿರುತ್ತದೆ. ನಮಗೆ ಸಿಗುವುದು ನಮ್ಮನ್ನು ಕಂಡು ಅಡಗಿದ ಕಾಡು ಮಾತ್ರ. ಕಾಲು ಗಂಟೆ ಅಲುಗಾಡದೆ ಕೂತರೆ ಮೊದಲು ಕುಟ್ರುಹಕ್ಕಿ ಶುರು ಮಾಡುತ್ತದೆ, ಆಮೇಲೆ ಒಂದೊಂದಾಗಿ ಉಳಿದವು.

ಒಬ್ಬ ಹುಡುಗನಿದ್ದ. ತರಗತಿಯಲ್ಲಿ ಐದು ನಿಮಿಷ ಕೂತವನಲ್ಲ. ನವೆಂಬರಿನ ಒಂದು ಶನಿವಾರ ಅವನು ಎದ್ದು ಬರಲೇ ಇಲ್ಲ. ಹೋಗಿ ನೋಡಿದರೆ ತೋಟದಂಚಿನ ಅಡಿಕೆ ಮರದ ಕಡೆ ಬೆರಳು ತೋರಿಸಿದ. ಬೂದು ತೊಗಟೆ ಬಿಟ್ಟು ನನಗೆ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಆ ತೊಗಟೆಯ ಮೇಲೆ ಅರಿಶಿನ ಬಣ್ಣದ ಚೂರೊಂದು ಸಟ್ಟನೆ ಹೊರಬಂದು ಒಳಗೆ ಹೋಯಿತು, ಮತ್ತೆ ಬಂತು. ಹಾರುವ ಓತಿ ಗಂಟಲ ಚೀಲ ಬಿಚ್ಚಿ ಮಡಚುತ್ತಿತ್ತು. ಆಮೇಲೆ ಪಕ್ಕೆಯ ರೆಕ್ಕೆ ಅಗಲಿಸಿ ಪಕ್ಕದ ಮರಕ್ಕೆ ತೇಲಿ ಹೋಯಿತು. ಹುಡುಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನನ್ನ ಹುಟ್ಟೂರಿನ ತೋಟ ತುಂಬ ಇದ್ದ ಪ್ರಾಣಿ ಅದು. ನಾನು ನಿಂತು ನೋಡಿದ್ದು ಅಂದೇ ಮೊದಲು.

ಈಗ ನಿಮ್ಮ ವಿಷಯ. ಕಾಡಿನ ಬಾಗಿಲಿನಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಮರ ಆರಿಸಿಕೊಳ್ಳಿ. ದೊಡ್ಡದೇ ಆಗಬೇಕೆಂದಿಲ್ಲ, ಹೊಂಗೆಯಾದರೂ ಸಾಕು. ಮೊಬೈಲನ್ನು ಚೀಲದ ತಳಕ್ಕೆ ಹಾಕಿ. ಕೂತ ಮೇಲೆ ಅತಿ ದೂರದ ಸದ್ದು ಯಾವುದು, ಅತಿ ಹತ್ತಿರದ್ದು ಯಾವುದು ಎಂದು ಹುಡುಕಿ. ದೂರದ್ದು ಕನಕಪುರ ರಸ್ತೆಯ ಬಸ್ಸಿನ ಹಾರ್ನ್ ಆದರೂ ಆಗಲಿ. ಆಫೀಸಿನ ನೆನಪು ಬಂದರೆ ಅದರೊಡನೆ ಜಗಳವಾಡಬೇಡಿ, ಒಂದು ಎಲೆ ಕೈಗೆತ್ತಿಕೊಂಡು ನೋಡಿ. ಹೊಂಗೆಯ ಎಲೆ ಚೊಕ್ಕವಾಗಿ ಇರುವುದೇ ಅಪರೂಪ: ಗಂಟುಗಳು, ಹುಳು ಒಳಗೊಳಗೇ ತಿಂದು ಹೋದ ದಾರಿಗಳು. ಮುಂದಿನ ವಾರವೂ ಅದೇ ಮರ. ಆರು ವಾರ ಆರು ಜಾಗಕ್ಕೆ ಹೋಗುವುದಕ್ಕಿಂತ ಒಂದೇ ಜಾಗಕ್ಕೆ ಆರು ಸಲ ಹೋಗುವುದು ಮೇಲು ಎಂಬುದು ನನ್ನ ಅನುಭವ.

ಹಣ ಕೊಡಬೇಕೇ? ಒಬ್ಬರೇ ಹೋಗಲು ಅಳುಕಾದರೆ ಒಮ್ಮೆ ಹೋಗಿ ಬನ್ನಿ, ತಪ್ಪಿಲ್ಲ. ಆದರೆ ಅವರು ಗಿಡಮರದ ಹೆಸರು ಬಲ್ಲವರೇ ಎಂದು ವಿಚಾರಿಸಿ. ಹೆಸರು ತಿಳಿದ ಮೇಲೆ ಮರ ಕಾಣುವ ರೀತಿಯೇ ಬದಲಾಗುತ್ತದೆ.

ಇನ್ನು ನಿಮ್ಮ ಅಮ್ಮ. ಈ ಕೆಲಸಕ್ಕೆ ಮಂಡಿಯೇ ಬೇಕಿಲ್ಲವಲ್ಲ! ಅವರನ್ನು ಲಾಲ್‌ಬಾಗಿಗೆ ಕರೆದೊಯ್ಯಿರಿ. 240 ಎಕರೆ ಇದೆ, ಆದರೆ ಒಂದು ಕಲ್ಲುಬೆಂಚು ಸಾಕು. ಯಾವ ಮರ ಏನು ಎಂದು ಅವರನ್ನೇ ಕೇಳಿ. ಹಳ್ಳಿಯಲ್ಲಿ ಬೆಳೆದವರ ಬಳಿ ಇರುವ ಹೆಸರುಗಳನ್ನು ನಾವು ಕೇಳಿ ಇಟ್ಟುಕೊಳ್ಳಬೇಕು.

ನಗೋಯಾ ಕನ್ನಡಿಗ

ಶಿರಸಿಯ ಅಕ್ಕೋರ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. 'ಅರಣ್ಯ ಸ್ನಾನ' ಎಂಬ ಹೆಸರು ಹುಟ್ಟಿದ ಜಪಾನಿನಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಇಲ್ಲಿ ಅದಕ್ಕೆ 'ಶಿನ್‌ರಿನ್ ಯೊಕು' ಎನ್ನುತ್ತಾರೆ. 'ಶಿನ್‌ರಿನ್' ಎಂದರೆ ಕಾಡು, 'ಯೊಕು' ಎಂದರೆ ಸ್ನಾನ. 1982ರಲ್ಲಿ ಇಲ್ಲಿನ ಅರಣ್ಯ ಇಲಾಖೆಯೇ ಈ ಪದವನ್ನು ಬಳಕೆಗೆ ತಂದಿತು. ಹಾಗಾಗಿ ಅದು ಪುರಾತನ ಜಪಾನಿ ಸಾಧನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪದ ನನಗಿಂತ ವಯಸ್ಸಿನಲ್ಲಿ ಚಿಕ್ಕದು. ಮರಗಳ ಮೇಲಿನ ಭಕ್ತಿ ಮಾತ್ರ ನಿಜಕ್ಕೂ ಹಳೆಯದು.

ಮೊದಲು ಇದನ್ನು ನಡೆಸಿದ್ದು ನಾಗಾನೊ ಪ್ರಾಂತ್ಯದ ಕಿಸೊ ಕಣಿವೆಯ ಅಕಾಸಾವಾ ಕಾಡಿನಲ್ಲಿ. ಎರಡು ವರ್ಷದ ಹಿಂದೆ, ಅಪ್ಪ ತೀರಿಕೊಂಡು ಊರಿಗೆ ಹೋಗಿ ಬಂದ ಮೇಲೆ, ಅಲ್ಲಿಗೆ ಹೋದೆ. 300 ವರ್ಷ ದಾಟಿದ ಹಿನೋಕಿ ಮರಗಳು, ನೆಟ್ಟಗೆ, ಕೆಂಪು ಛಾಯೆಯ ತೊಗಟೆ ಉದ್ದುದ್ದ ನಾರಾಗಿ ಸೀಳಿರುತ್ತದೆ. ಹಿಂದೆ ಅಲ್ಲಿ ಒಂದು ಮರ ಕಡಿದರೆ ಒಂದು ತಲೆ ಎಂಬ ಕಟ್ಟಳೆ ಇತ್ತಂತೆ. 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಇಸೆ ದೇವಾಲಯಕ್ಕೆ ಹೆಚ್ಚಿನ ಮರ ಹೋಗುವುದೂ ಆ ಕಣಿವೆಯ ಕಡೆಯಿಂದಲೇ. ಮುರಿದ ರೆಂಬೆಯೊಂದು ದಾರಿಯಲ್ಲಿ ಬಿದ್ದಿತ್ತು. ಮೂಸಿದರೆ ನಿಂಬೆಸಿಪ್ಪೆ ಮತ್ತು ಹೊಸ ಬಾಗಿಲಿನ ವಾಸನೆ ಸೇರಿದಂತೆ. ನಮ್ಮ ಮನೆ ಕಟ್ಟುವಾಗ ಅಪ್ಪ ಬಡಗಿಯ ಪಕ್ಕ ಕೂತು ಬಾಗಿಲು ಹೆರೆಸುತ್ತಿದ್ದದ್ದು ನೆನಪಾಗಿ, ಅಲ್ಲೇ ಕೂತು ಅತ್ತೆ. ಊರಿನಲ್ಲಿ ಹದಿಮೂರು ದಿನವೂ ಅಳು ಬಂದಿರಲಿಲ್ಲ.

ವಿಜ್ಞಾನದ ಬಗ್ಗೆಯೂ ಒಂದು ಮಾತು. ಮರಗಳು ಗಾಳಿಗೆ ಬಿಡುವ ಸುಗಂಧ ತೈಲದಂಥ ವಸ್ತುಗಳಿಗೆ ಫೈಟಾನ್‌ಸೈಡ್ ಎನ್ನುತ್ತಾರೆ. ನಿಪ್ಪಾನ್ ವೈದ್ಯಕೀಯ ವಿಶ್ವವಿದ್ಯಾಲಯದ ಡಾ. ಚಿಂಗ್ ಲಿ ಅವರ ತಂಡ 12 ಗಂಡಸರನ್ನು ಮೂರು ದಿನ ಕಾಡಿನಲ್ಲಿ ಇರಿಸಿ, ಅವರ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ಕಣಗಳ ಚಟುವಟಿಕೆ ಹೆಚ್ಚಿದ್ದನ್ನು ದಾಖಲಿಸಿತು. ಕುತೂಹಲಕರ ನಿಜ, ಆದರೆ 12 ಜನ ಎಂದರೆ ಬಹಳ ಕಡಿಮೆ. ಇದನ್ನು ಹಿಡಿದು ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವವರಿಂದ ದೂರವಿರಿ. ನಿಮ್ಮ ರಕ್ತದೊತ್ತಡದ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ.

ಶರಾವತಿ ದಂಡೆ (ಸಾಗರ)

ಅಕ್ಕೋರ ಮೇಲೆ ಗೌರವವಿಟ್ಟೇ ಒಂದು ಎಚ್ಚರಿಕೆ ಹೇಳಬೇಕು. ಬೆಂಗಳೂರಿನವರು ಇದನ್ನು ಓದಿ ಮಲೆನಾಡಿಗೆ ಬಂದು ತರಗೆಲೆಯ ಮೇಲೆ ಕೂತುಬಿಟ್ಟರೆ ಕಷ್ಟ. ನಮ್ಮಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಇಂದಿಗೂ ಹೋಗಿಲ್ಲ. ಹರಡುವುದು ಉಣ್ಣೆಯಿಂದ. ಮರಿ ಉಣ್ಣೆ ಎಳ್ಳುಕಾಳಿಗಿಂತ ಸಣ್ಣದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಮಳೆ ನಿಂತ ಮೇಲೆ ನವೆಂಬರಿನಿಂದ ಮೇ ತನಕ, ಒಣ ತರಗೆಲೆ ಬಿದ್ದಿರುವ ಕಾಲದಲ್ಲೇ ಅದರ ಹಾವಳಿ.

ನನ್ನ ಚಿಕ್ಕಪ್ಪ ತರಗು ಗುಡಿಸಲು ಹೋಗಿ ಬಂದವರು ಜ್ವರದಿಂದ ಹನ್ನೆರಡು ದಿನ ಮಲಗಿದ್ದರು. ಉಳಿದರು, ಆದರೆ ಒಂದು ವರ್ಷ ಕತ್ತಿ ಹಿಡಿಯಲಾಗಲಿಲ್ಲ. ಆದ್ದರಿಂದ ಆ ತಿಂಗಳುಗಳಲ್ಲಿ ನಮ್ಮ ಕಡೆ ಬರುವವರು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣ್ಣೆ ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು, ಬಟ್ಟೆಯೂ ಬಿಸಿನೀರಿಗೆ. ಮಳೆಗಾಲದ ಉಂಬಳಕ್ಕೆ, ಅಂದರೆ ಜಿಗಣೆಗೆ, ಇಷ್ಟು ಹೆದರಬೇಕಿಲ್ಲ, ರಕ್ತ ಕುಡಿದು ತಾನೇ ಬಿದ್ದುಹೋಗುತ್ತದೆ. ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು ಕೈಯಲ್ಲಿದ್ದರೆ ಸಾಕು.

ಕಾನಂಚಿನ ಮನೆ (ಶಿರಸಿ)

ಸಾಗರದ ತಮ್ಮ ಹೇಳಿದ್ದು ಸರಿ. ನಾನು ಅದನ್ನು ಬರೆಯಬೇಕಿತ್ತು. ನಾನು ಮಕ್ಕಳನ್ನು ಕೂರಿಸುತ್ತಿದ್ದ ಕಾಲದಲ್ಲಿ ಆ ಕಾಯಿಲೆ ನಮ್ಮ ಊರಿಗೆ ಬಂದಿರಲಿಲ್ಲ. ಈಗ ಬೇಸಿಗೆಯಲ್ಲಿ ನಾನೂ ಒಳಗೆ ಹೋಗುವುದಿಲ್ಲ. ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕಾನಿನ ಕಡೆ ಮುಖ ಮಾಡಿ ಕೂರುತ್ತೇನೆ. ಮೊನ್ನೆ ಮೊದಲ ಮಳೆ ಬಿದ್ದಿದೆ. ಹಲಸಿನ ಮರದ ಕವಲಿನಲ್ಲಿ ಸೀತಾಳೆ ದಂಡೆ ಮೊಗ್ಗು ಬಿಟ್ಟಿದೆ.

ಲೆಕ್ಕದ ಪುಸ್ತಕ (ಬೆಂಗಳೂರು)

ಐದು ಭಾನುವಾರ ಕಳೆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಋಣಿ.

ಕಾಡಿನ ಬಾಗಿಲಿಗೆ ಹತ್ತಿರದ ಒಂದು ಹೊಂಗೆ ಮರ ನನ್ನದಾಯಿತು. ಪಕ್ಕದ ಬಂಡೆಯ ಮೇಲೆ ಕೂರುತ್ತೇನೆ, ತರಗೆಲೆಯ ಮೇಲಲ್ಲ. ಮೊದಲ ಭಾನುವಾರ ಬಹಳ ಕಷ್ಟವಾಯಿತು. ಮೂರು ಸಲ ಚೀಲಕ್ಕೆ ಕೈ ಹೋಯಿತು. ಎರಡನೆಯ ವಾರ ತಲೆಯ ಮೇಲೆ ಐದಾರು ಎಲೆ ಒಂದಕ್ಕೊಂದು ಅಂಟಿಕೊಂಡಿರುವುದು ಕಂಡಿತು. ರೋಗವಿರಬೇಕು ಎಂದುಕೊಂಡೆ. ಮೂರನೆಯ ವಾರ ಅಮ್ಮನೂ ಬಂದರು. ಬಾಗಿಲವರೆಗೆ ಆಟೋ, ಅಲ್ಲಿಂದ ನನ್ನ ಕೈ ಹಿಡಿದು, ಎರಡು ಕಡೆ ನಿಂತು ಸುಧಾರಿಸಿಕೊಂಡು ಬಂದು ಬಂಡೆಯ ಮೇಲೆ ಕೂತವರು ತಲೆ ಎತ್ತಿ ನೋಡಿ, 'ಕೆಂಜಿಗದ ಗೂಡು ಕಣೋ, ಅಲುಗಾಡಿಸಬೇಡ' ಎಂದರು.

ಆಮೇಲೆ ಇಬ್ಬರೂ ಅರ್ಧ ಗಂಟೆ ನೋಡಿದೆವು. ಎಲೆಯ ಅಂಚಿನಲ್ಲಿ ಇರುವೆಗಳು ಸಾಲಾಗಿ ನಿಂತು, ಹಿಂಗಾಲು ಒಂದು ಎಲೆಗೆ, ಬಾಯಿ ಇನ್ನೊಂದು ಎಲೆಗೆ ಕಚ್ಚಿ ಎಳೆದು ಹಿಡಿದಿದ್ದವು. ಒಳಗಿನಿಂದ ಬಂದ ಒಂದು ಇರುವೆಯ ಬಾಯಲ್ಲಿ ಅಕ್ಕಿಕಾಳಿನಂಥ ಬಿಳಿ ಮರಿ. ಅದನ್ನು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸುತ್ತಿತ್ತು. ಮರಿಯ ಬಾಯಿಂದ ನೂಲು ಬರುತ್ತದೆ, ಅದರಿಂದಲೇ ಹೊಲಿಗೆ ಎಂದು ಅಮ್ಮ ಹೇಳಿದರು. ನಮ್ಮ ತಾತ ಮಾವಿನ ತೋಪಿನಲ್ಲಿ ಈ ಗೂಡುಗಳನ್ನು ಬೇಕೆಂದೇ ಉಳಿಸುತ್ತಿದ್ದರಂತೆ, ಕಾಯಿಗೆ ಹುಳು ಬೀಳುವುದಿಲ್ಲ ಎಂದು. ನನ್ನ ತಾತನಿಗೆ ಮಾವಿನ ತೋಪು ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ನಿದ್ದೆ ಪೂರ್ತಿ ಸರಿಹೋಗಿಲ್ಲ, ಮಾತ್ರೆ ನಡೆಯುತ್ತಿದೆ. ಎರಡು ಗಂಟೆಗೆ ಎಚ್ಚರವಾಗುವುದು ವಾರಕ್ಕೆ ಎರಡು ಸಲಕ್ಕೆ ಇಳಿದಿದೆ. ನಿನ್ನೆ ರಾತ್ರಿ ಜೋರು ಮಳೆ ಬಂತು, ಎಚ್ಚರವಾಯಿತು. ಆ ಗೂಡಿಗೆ ಏನಾಗಿದೆಯೋ ಎಂದು ಯೋಚಿಸುತ್ತಾ ಮಲಗಿದ್ದೆ. ಬೆಳಿಗ್ಗೆ ಆರಕ್ಕೆ ಅಮ್ಮ ಸ್ವೆಟರ್ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದರು, 'ನೋಡಿಕೊಂಡು ಬರೋಣ ನಡಿ' ಎಂದು.